ವಿದೇಶಕ್ಕೆ ಕೋಡ್‌ನಿಂದ ವೈರ್: ಟೈಮ್‌ಔಟ್ ಆಯ್ತು ಅಂತ ಮತ್ತೆ ಕಳಿಸಬೇಡಿ
ಪ್ರತಿ ತಿಂಗಳೂ ಜರ್ಮನಿಯ ವೆಂಡರ್‌ಗೆ ಯೂರೋ ಕಳಿಸಲು ಬ್ಯಾಂಕ್ ಪೋರ್ಟಲ್‌ನಲ್ಲಿ ಅದನ್ನೇ ಟೈಪ್ ಮಾಡಿ ಬೇಜಾರಾಗಿದೆಯಾ? ಈ ವೈರ್ ಅನ್ನು (ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಹಣ ವರ್ಗಾವಣೆ) ಕೋಡ್‌ನಿಂದ ಕಳಿಸಬಹುದು. ಬ್ಯಾಂಕ್‌ಗಳು ಪರಸ್ಪರ ಸಂದೇಶ ಕಳಿಸುವ ಜಾಲವಾದ ಸ್ವಿಫ್ಟ್‌ಗೆ ನಾವು ನೇರವಾಗಿ ಕೈ ಹಾಕುವುದಿಲ್ಲ. ನಮ್ಮ ಬ್ಯಾಂಕ್ ಕೊಟ್ಟ ಎಪಿಐ ಅಥವಾ ಎಸ್‌ಎಫ್‌ಟಿಪಿಗೆ (ಸುರಕ್ಷಿತವಾಗಿ ಫೈಲ್ ಕಳಿಸುವ ದಾರಿ) ಪೇನ್.001 ಅನ್ನೋ ಎಕ್ಸ್‌ಎಂಎಲ್ ಪಾವತಿ ಆದೇಶ ಹಾಕುತ್ತೇವೆ (ಹೆಸರಿಗೆ ತಕ್ಕ ಹಾಗೆ ನೋವೇ), ಅದು ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಪ್ಯಾಕ್ಸ್.008 ಅನ್ನೋ ಸಂದೇಶವಾಗಿ ಹೋಗುತ್ತದೆ. ಎಂಟಿ103 ಅನ್ನೋ ಹಳೇ ಸಂದೇಶ ಮಾದರಿ ಬಗ್ಗೆ ಹೇಳುವ ಹಳೇ ಟ್ಯುಟೋರಿಯಲ್ ಬಿಡಿ. ಬ್ಯಾಂಕ್‌ಗಳ ನಡುವೆ ಅದರ ಕಾಲ 2025ರ ನವೆಂಬರ್‌ಗೆ ಮುಗಿಯಿತು.

ಮೊದಲು ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಪರೀಕ್ಷಿಸಿ. ಜರ್ಮನಿಯದು 22 ಅಕ್ಷರ. ಮೊದಲ 4 ಅಕ್ಷರಗಳನ್ನು ಕೊನೆಗೆ ಒಯ್ದು, ಎ ಅಂದರೆ 10, ಬಿ ಅಂದರೆ 11 ಅಂತ ಬದಲಿಸಿ, 97ರಿಂದ ಭಾಗಿಸಿದರೆ 1 ಉಳಿಯಬೇಕು. ಇದು ಟೈಪಿಂಗ್ ತಪ್ಪು ಹಿಡಿಯುತ್ತದೆ ಅಷ್ಟೇ, ಖಾತೆ ಯಾರದು ಅಂತ ಹೇಳುವುದಿಲ್ಲ. "ನಮ್ಮ ಖಾತೆ ಬದಲಾಗಿದೆ" ಅಂತ ಮೇಲ್ ಬಂದರೆ, ಹಳೇ ನಂಬರಿಗೆ ಫೋನ್ ಮಾಡಿ ಕೇಳಿ. ಅಮೆರಿಕಕ್ಕಾದರೆ ಐಬ್ಯಾನೇ ಇಲ್ಲ, ಬಿಐಸಿ (ಬ್ಯಾಂಕ್ ಗುರುತಿಸುವ ಕೋಡ್) ಮತ್ತು ಖಾತೆ ಸಂಖ್ಯೆ ಬೇಕು.

ಈಗ ನಿಜವಾದ ತಲೆನೋವು. ಒಮ್ಮೆ ನನ್ನ ಕೋಡ್‌ಗೆ ಬ್ಯಾಂಕ್‌ನಿಂದ ಉತ್ತರ ಬರಲಿಲ್ಲ, ಫೇಲ್ ಆಗಿರಬೇಕು ಅಂದುಕೊಂಡು ರಿಟ್ರೈ ಲೂಪ್ ಹೊಸ ಐಡಿ ಹಾಕಿ ಇನ್ನೊಮ್ಮೆ ಕಳಿಸಿತು, ವೆಂಡರ್‌ಗೆ ಎರಡು ಸಲ ದುಡ್ಡು ಹೋಯಿತು! ವೈರ್ ಹೋದ ಮೇಲೆ ವಾಪಸ್ ಕೊಡಿ ಅಂತ ಕೇಳಬಹುದು, ಎಳೆದುಕೊಳ್ಳಲು ಆಗಲ್ಲ. ಹಾಗಾಗಿ ಕಳಿಸುವ ಮುಂಚೆಯೇ ಪೇಮೆಂಟ್‌ಗೊಂದು ಐಡಿ ಮಾಡಿ ಡೇಟಾಬೇಸ್‌ನಲ್ಲಿ ಬರೆದಿಡಿ. ಟೈಮ್‌ಔಟ್ ಆದರೆ ಅದೇ ಐಡಿಯಿಂದ ಸ್ಟೇಟಸ್ ಕೇಳಿ. ಉತ್ತರ ಸ್ಪಷ್ಟವಾಗದಿದ್ದರೆ ಲೂಪ್ ನಿಲ್ಲಿಸಿ, ಮನುಷ್ಯರು ನೋಡಲಿ. ಸುಮ್ನೆ ಯುಯುಐಡಿ (ಕೋಡ್ ತಾನೇ ಹುಟ್ಟಿಸುವ ವಿಶಿಷ್ಟ ಐಡಿ) ತುರುಕಬೇಡಿ, ಅದು 36 ಅಕ್ಷರ, ಎಂಡ್‌ಟುಎಂಡ್‌ಐಡಿ (ಪೇನ್.001ರಲ್ಲಿ ಈ ಐಡಿ ಹಾಕುವ ಜಾಗ) ಹಿಡಿಸುವುದು 35 ಮಾತ್ರ. ಹೈಫನ್ ತೆಗೆದರೆ 32 ಆಗುತ್ತದೆ.

ಮೊತ್ತಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬೇಡ. ದಶಮಾಂಶ ಸ್ಥಾನಗಳನ್ನೂ ಕರೆನ್ಸಿಗೆ ತಕ್ಕ ಹಾಗೆ ಇಡಿ. ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್ ದಿನಾರ್‌ಗೆ 3 ಸ್ಥಾನ.

ಶುಲ್ಕದ ಜಾಗದಲ್ಲಿ ಹಂಚಿಕೊಳ್ಳುವ ಆಯ್ಕೆ ಹಾಕಿದರೆ ಮಧ್ಯದ ಬ್ಯಾಂಕ್ ತನ್ನ ಪಾಲು ಮುರಿದುಕೊಳ್ಳಬಹುದು, ಆಮೇಲೆ ವೆಂಡರ್ "ಕಮ್ಮಿ ಬಂದಿದೆ" ಅಂತಾರೆ. ಪೂರ್ತಿ ಮೊತ್ತ ಮುಟ್ಟಲೇಬೇಕಿದ್ದರೆ ಶುಲ್ಕ ನೀವೇ ಹೊರಿ.

ಭಾರತದಿಂದ ಕಳಿಸುವಾಗ ಪರ್ಪಸ್ ಕೋಡ್ (ದುಡ್ಡು ಯಾಕೆ ಕಳಿಸುತ್ತಿದ್ದೀರಿ ಅಂತ ಹೇಳುವ ಕೋಡ್) ಮರೆಯಬೇಡಿ, ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಎಸ್0802. ಇನ್‌ವಾಯ್ಸ್, ತೆರಿಗೆ ಕಾಗದ ಜೊತೆಗಿಲ್ಲದಿದ್ದರೆ ನಿಮ್ಮ ಕೋಡ್ ಎಷ್ಟೇ ಚೆಂದ ಇದ್ದರೂ ಪೇಮೆಂಟ್ ಬ್ಯಾಂಕ್‌ನ ಟೇಬಲ್ ಮೇಲೆ ಕೂತಿರುತ್ತದೆ.

ಪೇಮೆಂಟ್ ಹೋದ ಮೇಲೆ ಅದರ ಯುಇಟಿಆರ್ ಸಂಖ್ಯೆ (ಪ್ರತಿ ವೈರ್‌ಗೂ ಇರುವ ಟ್ರ್ಯಾಕಿಂಗ್ ಗುರುತು) ಬ್ಯಾಂಕ್‌ನಿಂದ ಕೇಳಿ ಇಟ್ಟುಕೊಳ್ಳಿ. ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ಬ್ಯಾಂಕ್‌ನವರು ಹುಡುಕುವುದು ಅದರಿಂದಲೇ.