ಹಳದಿ ಹೋಯಿತು, ಕ್ರೋಮಿಯಂ ಹೋಗಲಿಲ್ಲ

ಮಾಗಡಿ ಹತ್ತಿರದ ನಮ್ಮೂರಿಂದ ಪ್ರತಿ ವರ್ಷ ಯುಗಾದಿ ಹೊತ್ತಿಗೆ ಒಂದು ಮೂಟೆ ಹುಣಸೆಹಣ್ಣು ಬರುತ್ತದೆ. ಅತ್ತೆ ಕೂತು ಬೀಜ ಬಿಡಿಸುತ್ತಾರೆ. ಒಂದಷ್ಟು ಅಳಗುಳಿ ಮಣೆಗೆ, ನಾಲ್ಕು ತೇಯ್ದು ಚೌಕಾಬಾರಕ್ಕೆ, ಉಳಿದದ್ದು ಕಸಕ್ಕೆ. ಆ ವರ್ಷ ಕಸಕ್ಕೆ ಹಾಕುವ ಬೀಜವೆಲ್ಲ ನನಗೆ ಬೇಕು ಅಂದೆ. "ಕಾಲೇಜಲ್ಲಿ ಚೌಕಾಬಾರ ಆಡಿಸ್ತೀಯಾ?" ಅಂತ ನಕ್ಕರು.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ಪೀಣ್ಯದ ಪಕ್ಕ. ಲೋಹಕ್ಕೆ ಕ್ರೋಮ್ ಪ್ಲೇಟಿಂಗ್ ಮಾಡುವ ಸಣ್ಣ ಶೆಡ್‌ಗಳು ಇಲ್ಲಿ ಬೇಕಾದಷ್ಟಿವೆ. ಈ ಭಾಗದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಹೊಸ ಸುದ್ದಿಯೇನಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಹುಣಸೆಬೀಜದ ಪುಡಿ ಹಾಕಿದರೆ ನೀರಿನಿಂದ ಈ ಕ್ರೋಮಿಯಂ ತೆಗೆಯಬಹುದಾ ಅಂತ ನೋಡಬೇಕಿತ್ತು, ಬೀಜ ಕೇಳಿದ್ದು ಅದಕ್ಕೆ. ಕ್ರೋಮಿಯಂನಲ್ಲಿ ಎರಡು ಬಗೆ ಮುಖ್ಯ. ಹಳದಿ ಬಣ್ಣದ ಹೆಕ್ಸಾವೇಲೆಂಟ್ ಕ್ಯಾನ್ಸರ್ ತರುವಂಥದ್ದು. ಟ್ರೈವೇಲೆಂಟ್ ಅಷ್ಟು ಕೆಟ್ಟದ್ದಲ್ಲ. ನನ್ನ ಕಥೆಯೆಲ್ಲ ಈ ಎರಡರ ನಡುವಿನದು.

ಮೊದಲು ಇಡೀ ಬೀಜವನ್ನೇ ಪುಡಿ ಮಾಡಲು ಹೋದೆ. ಮಿಕ್ಸಿ ಬ್ಲೇಡು ಮೊಂಡಾಯಿತು. ಹಿಟ್ಟಿನ ಗಿರಣಿಯವರು "ಮೇಡಂ, ಇದಾದ್ಮೇಲೆ ರಾಗಿ ಹಾಕೋಕಾಗಲ್ಲ" ಅಂತ ಕೈಮುಗಿದರು. ಕೊನೆಗೆ ಒರಳಲ್ಲಿ ಕುಟ್ಟಿದೆ. ತೊಳೆಯೋಣ ಅಂತ ಬಿಸಿನೀರು ಹಾಕಿದರೆ ಪಾತ್ರೆ ತುಂಬ ಅಂಟು! ಫಿಲ್ಟರ್ ಪೇಪರಿನಿಂದ ಒಂದು ಹನಿಯೂ ಇಳಿಯಲಿಲ್ಲ. ನೂಲಿಗೆ ಗಂಜಿ ಹಾಕಲು ಬಳಸುವುದು ಇದೇ ಪುಡಿ ಅಲ್ವಾ, ಹೊಳೆಯಲೇ ಇಲ್ಲ.

ಹಾಗಾಗಿ ಒಳಗಿನ ತಿರುಳು ಬಿಟ್ಟು, ಮೇಲಿನ ಕಂದು ಸಿಪ್ಪೆ ಹಿಡಿದೆ. ಬೀಜ ಹುರಿದರೆ ಅದು ಸುಲಭವಾಗಿ ಬಿಡುತ್ತದೆ. ಅದರಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಜಾಸ್ತಿ, ನೀರಿಗೆ ಚಹಾದ ಬಣ್ಣ ಬಿಡುತ್ತದೆ. ಏಳೆಂಟು ಸಲ ಬಿಸಿನೀರಲ್ಲಿ ತೊಳೆದ ಮೇಲೆ ಬಣ್ಣ ನಿಂತಿತು. ಒಣಗಿಸಿ, ಕುಟ್ಟಿ, ಜರಡಿ ಹಿಡಿದೆ.

ಪರೀಕ್ಷೆಗೆ ಬೇಕಾದ ಕ್ರೋಮಿಯಂ ನೀರನ್ನು ಲ್ಯಾಬಿನಲ್ಲೇ ಮಾಡಿಕೊಂಡೆವು. 141.4 ಮಿಲಿಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟನ್ನು ಒಂದು ಲೀಟರ್ ಮಾಡಿದರೆ ಅದರಲ್ಲಿ 50 ಮಿಲಿಗ್ರಾಂ ಕ್ರೋಮಿಯಂ ಇರುತ್ತದೆ. ಇದು ವಿಷ. ಗ್ಲೌಸ್ ಇಲ್ಲದೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ಆಸಿಡ್ ಹಾಕಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2ಕ್ಕೆ ಇಳಿಸಿದೆವು. ಅಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಋಣ ವಿದ್ಯುದಂಶವಿರುವ ಅಯಾನಾಗಿರುತ್ತದೆ, ಸಿಪ್ಪೆಯ ಮೇಲ್ಮೈ ಧನವಾಗಿರುತ್ತದೆ, ಹಿಡಿದುಕೊಳ್ಳುತ್ತದೆ. 100 ಮಿಲಿಲೀಟರಿಗೆ ಒಂದು ಗ್ರಾಂ ಪುಡಿ ಹಾಕಿ ಶೇಕರ್ ಮೇಲಿಟ್ಟೆವು.

ಸಂಜೆಗೆ ಹಳದಿ ಮಾಯ. ಕ್ರೋಮಿಯಂ ಪತ್ತೆಗೆ ಬಳಸುವ ಡೈಫಿನೈಲ್ ಕಾರ್ಬಜೈಡ್ ಹಾಕಿದರೂ ನೇರಳೆ ಬರಲಿಲ್ಲ. ಹುಡುಗರು ಕುಣಿದಾಡಿದರು. ನಾನೂ ಪ್ರಿನ್ಸಿಪಾಲರಿಗೆ ಸಿಹಿ ಕೊಟ್ಟು ಬಂದೆ, ಅದನ್ನು ನೆನೆದರೆ ಈಗಲೂ ನಾಚಿಕೆ.

ಹತ್ತು ದಿನದ ಮೇಲೆ ಪರಿಚಯದವರ ಲ್ಯಾಬಿನಲ್ಲಿ ಅದೇ ನೀರನ್ನು ಲೋಹದ ಪ್ರಮಾಣ ಅಳೆಯುವ ಎಎಎಸ್ ಯಂತ್ರಕ್ಕೆ ಕೊಟ್ಟೆ. ಹಾಕಿದ ಕ್ರೋಮಿಯಂನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರಲ್ಲೇ ಇತ್ತು. ಆ ನೇರಳೆ ಪರೀಕ್ಷೆ ನೋಡುವುದು ಹೆಕ್ಸಾವೇಲೆಂಟನ್ನು ಮಾತ್ರ, ಯಂತ್ರ ಒಟ್ಟು ಕ್ರೋಮಿಯಂ ಅಳೆಯುತ್ತದೆ. ಸಿಪ್ಪೆಯ ಟ್ಯಾನಿನ್ ಎಲೆಕ್ಟ್ರಾನ್ ಕೊಟ್ಟು ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಮಾಡಿಬಿಟ್ಟಿತ್ತು. ಅದೋ ಧನ ಅಯಾನು. ಅಷ್ಟು ಆಸಿಡ್ ಇರುವಾಗ ಸಿಪ್ಪೆಗೆ ಅಂಟುವುದಿಲ್ಲ, ನೀರಲ್ಲಿ ಸುಮ್ನೆ ಉಳಿಯುತ್ತದೆ.

ಆಮೇಲೆ ಎರಡು ಹಂತ ಮಾಡಿದೆವು. ಮೊದಲು ಪಿಎಚ್ 2ರಲ್ಲಿ ಹಳದಿ ಹೋಗುವ ತನಕ. ಸೋಸಿ, ಕಾಸ್ಟಿಕ್ ಸೋಡಾ ದ್ರಾವಣ ಹನಿ ಹನಿಯಾಗಿ ಬಿಟ್ಟು ಪಿಎಚ್ 5ರ ಹತ್ತಿರ ತಂದು, ಹೊಸ ಪುಡಿ ಹಾಕಿ ರಾತ್ರಿಯಿಡೀ ಬಿಟ್ಟೆವು. ಪಕ್ಕದಲ್ಲೇ ಪುಡಿ ಹಾಕದ ಒಂದು ಬೀಕರ್. ಅದು ಬೇಕೇ ಬೇಕು. ಪಿಎಚ್ ಸ್ವಲ್ಪ ಜಾಸ್ತಿಯಾದರೂ ಕ್ರೋಮಿಯಂ ತಾನಾಗಿಯೇ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ, ಆ ಯಶಸ್ಸು ಸೋಡಾದ್ದೇ ಹೊರತು ಹುಣಸೆಯದ್ದಲ್ಲ. ಈ ಸಲ ಒಟ್ಟು ಕ್ರೋಮಿಯಂ ಚೆನ್ನಾಗಿ ಇಳಿಯಿತು. ಆದರೆ 0.05 ಮುಟ್ಟಲಿಲ್ಲ.

ಎದುರುಮನೆ ಆಂಟಿ ಇದನ್ನು ಕೇಳಿ, "ನಮ್ಮ ಸಂಪಿಗೂ ಎರಡು ಹಿಡಿ ಬೀಜ ಹಾಕಲಾ?" ಅಂದರು. ದಯವಿಟ್ಟು ಬೇಡ ಆಂಟಿ ಅಂದೆ. ಬೋರ್‌ವೆಲ್ ನೀರಿನ ಪಿಎಚ್ ಏಳರ ಆಸುಪಾಸು. ಅಲ್ಲಿ ಈ ಸಿಪ್ಪೆ ಹೆಚ್ಚೇನೂ ಮಾಡುವುದಿಲ್ಲ, ನೀರು ಕಂದಾಗುತ್ತದೆ ಅಷ್ಟೆ. ಇದರ ಜಾಗ ಪ್ಲೇಟಿಂಗ್ ಶೆಡ್ಡಿನಲ್ಲಿ, ಸಾಮಾನು ತೊಳೆದ ಆಸಿಡ್ ನೀರು ಮೋರಿಗೆ ಹೋಗುವ ಮುಂಚೆ.

ಬಳಸಿದ ಪುಡಿಯಲ್ಲಿ ಈಗ ಕ್ರೋಮಿಯಂ ಇದೆ. ತೊಟ್ಟಿಗೂ ಇಲ್ಲ, ಕಾಂಪೋಸ್ಟಿಗೂ ಇಲ್ಲ. ಮುಚ್ಚಳ ಬಿಗಿದ ಡಬ್ಬಿಗಳಲ್ಲಿ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯದವರಿಗೆ ಕೊಡಲು ಬೇರೆ ಇಟ್ಟಿದ್ದೇವೆ. ಒಂದು ಲೀಟರಿಗೆ ಹತ್ತು ಗ್ರಾಂ ಪುಡಿ, ಅದೂ ಎರಡು ಸಲ. ಡಬ್ಬಿಗಳು ಎಷ್ಟು ಬೇಗ ತುಂಬುತ್ತವೆ ಅಂದರೆ, ಮೊನ್ನೆ ಲ್ಯಾಬ್ ಅಟೆಂಡರ್ ಇನ್ನೊಂದು ಕಪಾಟು ಕೇಳಿದರು.