ವಾಕ್ಯದ ಲೆಕ್ಕ ಕಂಡರೆ ಹೆದರೋರಿಗೆ: ಮೊದಲು ಅಕ್ಷರಕ್ಕೆ ಅರ್ಥ ಬರೀರಿ

ಗಂಗಾವತಿಯ ನಮ್ಮ ಓಣಿಯ ನಾಲ್ಕೈದು ಹುಡುಗರು ಸಂಜೆ ಹೊತ್ತು ಗಣಿತದ ಪುಸ್ತಕ ಹಿಡಿದು ನಮ್ಮ ಮನೆ ಕಟ್ಟೆಗೆ ಬಂದು ಕೂರುತ್ತಾರೆ. ಸಮೀಕರಣ ಬರೆದುಕೊಟ್ಟರೆ ಪಟಪಟ ಬಿಡಿಸುತ್ತಾರೆ. ಅದೇ ಸಮೀಕರಣವನ್ನು ನಾಲ್ಕು ಸಾಲಿನ ಕಥೆ ಮಾಡಿ ಕೊಟ್ಟರೆ ಮಾತ್ರ ಪೆನ್ನು ಬಾಯಿಗೆ ಹೋಗುತ್ತದೆ. ಅಂದರೆ ತೊಂದರೆ ಇರೋದು ಬಿಡಿಸೋದರಲ್ಲಿ ಅಲ್ಲ, ಬರೆಯೋದರಲ್ಲಿ. ಅದಕ್ಕೇ ಇಲ್ಲಿ ಬರೆಯುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಗ್ಗರಣೆ-ಮಿರ್ಚಿಯಿಂದಲೇ ಶುರು ಮಾಡೋಣ. ನಮ್ಮ ಕಡೆ ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಾನೇ? ಸೋಮವಾರ ಮೂರು ಪ್ಲೇಟ್ ಒಗ್ಗರಣೆ, ನಾಲ್ಕು ಮಿರ್ಚಿ ತಿಂದಿರಿ, 115 ರೂಪಾಯಿ ಆಯಿತು. ಮಂಗಳವಾರ ಎರಡು ಪ್ಲೇಟ್ ಒಗ್ಗರಣೆ, ಐದು ಮಿರ್ಚಿ, 100 ರೂಪಾಯಿ. ಒಂದೊಂದರ ಬೆಲೆ ಎಷ್ಟು?

ಹುಡುಗರು ಥಟ್ಟನೆ "ಒ ಅಂದರೆ ಒಗ್ಗರಣೆ, ಮ ಅಂದರೆ ಮಿರ್ಚಿ" ಎಂದು ಬರೆಯುತ್ತಾರೆ. ತಪ್ಪಾಗೋದು ಇಲ್ಲೇ. ಒ ಅಂದರೆ ಒಗ್ಗರಣೆ ಅಲ್ಲ, ಒಂದು ಪ್ಲೇಟ್ ಒಗ್ಗರಣೆಯ ಬೆಲೆ, ರೂಪಾಯಿಯಲ್ಲಿ. ಮ ಅಂದರೆ ಒಂದು ಮಿರ್ಚಿಯ ಬೆಲೆ. ಇಷ್ಟುದ್ದ ಬರೆಯೋಕೆ ಬೇಜಾರಾಗಬಹುದು, ಆದರೂ ಬರೀರಿ. ಅಕ್ಷರ ಯಾವುದಾದರೂ ಇರಲಿ, ಪರೀಕ್ಷೆಯಲ್ಲಿ ಎಕ್ಸ್, ವೈ ಅಂತಲೇ ಹಾಕಿ, ಅದು ಒಂದು ಸಂಖ್ಯೆ ಅನ್ನೋದು ಮತ್ತು ಯಾವುದರ ಸಂಖ್ಯೆ ಅನ್ನೋದು ಕಣ್ಣ ಮುಂದೆ ಇರಬೇಕು. ಆಗ ಸಮೀಕರಣ ತಾನಾಗಿಯೇ ಬರುತ್ತದೆ:

3ಒ + 4ಮ = 115
2ಒ + 5ಮ = 100

ಮ್ಯಾಟ್ರಿಕ್ಸ್ ಅಂದರೆ ಇದರಲ್ಲಿ ಅಕ್ಷರ ಬಿಟ್ಟು ಅಂಕಿ ಮಾತ್ರ ಸಾಲಾಗಿ ಬರೆಯುವುದು, ಅಷ್ಟೇ. ಮೇಲಿನ ಸಾಲು 3, 4. ಕೆಳಗಿನ ಸಾಲು 2, 5. ಓರೆಯಾಗಿ ಗುಣಿಸಿ ಕಳೆಯಿರಿ: 3×5 − 4×2 = 7. ಇದೇ ನಿರ್ಧಾರಕ. ಈಗ ಒ ಕಂಬದ (ಮೇಲಿನಿಂದ ಕೆಳಗೆ 3, 2) ಜಾಗದಲ್ಲಿ 115, 100 ಇಟ್ಟು ಹಾಗೇ ಮಾಡಿ: 115×5 − 4×100 = 175. ಏಳರಿಂದ ಭಾಗಿಸಿದರೆ 25. ಮ ಕಂಬದಲ್ಲಿ ಇಟ್ಟರೆ 3×100 − 115×2 = 70, ಭಾಗಿಸಿದರೆ 10. ಒಗ್ಗರಣೆ 25, ಮಿರ್ಚಿ 10. ಸ್ವಿಟ್ಜರ್ಲೆಂಡಿನ ಗೇಬ್ರಿಯಲ್ ಕ್ರೇಮರ್ 1750ರಲ್ಲಿ ಇದನ್ನು ಪ್ರಕಟಿಸಿದ್ದರಿಂದ ಇದಕ್ಕೆ ಕ್ರೇಮರ್ ನಿಯಮ ಅನ್ನುತ್ತಾರೆ.

ನಿರ್ಧಾರಕ ಸೊನ್ನೆ ಬಂದರೆ? ಮಂಗಳವಾರ ಆರು ಒಗ್ಗರಣೆ, ಎಂಟು ಮಿರ್ಚಿ ತಿಂದು 230 ಕೊಟ್ಟಿದ್ದರೆ ಅದು ಸೋಮವಾರದ ಬಿಲ್ಲಿನ ದುಪ್ಪಟ್ಟು, ಹೊಸ ಸುದ್ದಿ ಏನೂ ಇಲ್ಲ, ಬೆಲೆ ಹೇಳೋಕೆ ಆಗಲ್ಲ. ಅದೇ ಊಟಕ್ಕೆ 220 ಬಿಲ್ ಬಂದಿದ್ದರೆ ಎರಡು ಬಿಲ್ಲೂ ಒಂದೇ ಬೆಲೆಗೆ ಹೊಂದೋದೇ ಇಲ್ಲ, ಹೋಟೆಲಿನವರು ಹತ್ತು ರೂಪಾಯಿ ಬಿಟ್ಟಿದ್ದಾರೆ ಇಲ್ಲವೇ ಕೂಡಿಸುವಾಗ ತಪ್ಪಿದ್ದಾರೆ. ಸೊನ್ನೆ ಕಂಡ ಕೂಡಲೇ "ನಾನೇ ಏನೋ ತಪ್ಪು ಮಾಡಿದೆ" ಅಂತ ಅಳಿಸಬೇಡಿ. ಕೊಟ್ಟ ಮಾಹಿತಿ ಸಾಕಾ ಅನ್ನೋದನ್ನೇ ಅದು ಹೇಳುತ್ತಿದೆ.

ಇನ್ನು ಮೂರು ಅಕ್ಷರದ ಲೆಕ್ಕ. ಅಕ್ಕಿ ಗಿರಣಿಯಿಂದ ಒಂದು ಗಾಡಿಗೆ ಒಟ್ಟು 60 ಚೀಲ ಹಾಕಿದ್ದಾರೆ: 10 ಕೆಜಿಯವು, 25 ಕೆಜಿಯವು, 50 ಕೆಜಿಯವು. ಒಟ್ಟು ತೂಕ 1650 ಕೆಜಿ. 25 ಕೆಜಿ ಚೀಲಗಳು 10 ಕೆಜಿ ಚೀಲಗಳ ಎರಡು ಪಟ್ಟು ಇವೆ. ಯಾವುದು ಎಷ್ಟೆಷ್ಟು?

10 ಕೆಜಿಯವು ಹ, 25 ಕೆಜಿಯವು ಇ, 50 ಕೆಜಿಯವು ಐ ಅಂತ ಇಟ್ಟುಕೊಳ್ಳೋಣ. ಈ ಸಲ ಮೂರೂ ಚೀಲಗಳ ಎಣಿಕೆ, ಕೆಜಿ ಅಲ್ಲ. ಮೊದಲ ಎರಡು ವಾಕ್ಯ ಸುಲಭ: ಹ + ಇ + ಐ = 60, ಮತ್ತು 10ಹ + 25ಇ + 50ಐ = 1650. ಮೂರನೆಯದು ಗುಂಡಿ. "ಎರಡು ಪಟ್ಟು" ಅನ್ನೋ ಮಾತು ಇ ಹತ್ತಿರ ಬಂದಿದೆ ಅಂತ ತುಂಬಾ ಜನ 2ಇ = ಹ ಎಂದು ಬರೆದುಬಿಡುತ್ತಾರೆ. ನಾನೂ ಹತ್ತನೇ ಕ್ಲಾಸಿನಲ್ಲಿ ಹೀಗೇ ಬರೆದು ಎರಡು ಪುಟ ಲೆಕ್ಕ ಮಾಡಿ, ಕೊನೆಗೆ ಉತ್ತರ ಭಿನ್ನರಾಶಿಯಾಗಿ ಬಂದಾಗ ಬೆವರಿದ್ದೆ. ತಪ್ಪಬಾರದು ಅಂದರೆ ಸುಮ್ನೆ ಒಂದು ಅಂಕಿ ಹಾಕಿ ನೋಡಿ. 10 ಕೆಜಿಯವು 4 ಇದ್ದರೆ 25 ಕೆಜಿಯವು 8 ಇರಬೇಕು, ಅಲ್ವಾ? ಯಾವುದು ಕಡಿಮೆ ಇದೆಯೋ ಅದನ್ನು ಗುಣಿಸಬೇಕು. ಹಾಗಾಗಿ ಇ = 2ಹ, ಅಂದರೆ 2ಹ − ಇ = 0.

ಎರಡನೇ ಸಾಲನ್ನು ಐದರಿಂದ ಭಾಗಿಸಿ ಸಣ್ಣದು ಮಾಡಿಕೊಂಡು ಬರೆಯಿರಿ. ಮೂರನೇ ಸಾಲಿನಲ್ಲಿ ಐ ಇಲ್ಲ, ಅಲ್ಲಿ ಸೊನ್ನೆ ಹಾಕೋದು ಮರೆಯಬೇಡಿ:

1   1   1  |  60
2   5  10  |  330
2  −1   0  |  0

ಎರಡನೇ, ಮೂರನೇ ಸಾಲಿನಿಂದ ಮೊದಲ ಸಾಲಿನ ಎರಡರಷ್ಟು ಕಳೆಯಿರಿ. ಗೆರೆಯ ಆಚೆ ಇರುವ ಅಂಕಿಯಿಂದಲೂ ಕಳೆಯಬೇಕು:

1   1   1  |  60
0   3   8  |  210
0  −3  −2  |  −120

ಈಗ ಎರಡನೇ ಸಾಲನ್ನು ಮೂರನೆಯದಕ್ಕೆ ಕೂಡಿಸಿದರೆ 0, 0, 6 | 90. ಅಂದರೆ 50 ಕೆಜಿ ಚೀಲ 15. ಹಿಂದಕ್ಕೆ ಬನ್ನಿ: 3ಇ + 120 = 210, ಇ = 30. ಉಳಿದ 15 ಚೀಲ 10 ಕೆಜಿಯವು.

ಪಿಯುಸಿಯವರು ಕೇಳುತ್ತಾರೆ, ವಿಲೋಮ ಮಾತೃಕೆ, ಅಂದರೆ ಇನ್ವರ್ಸ್ ಮ್ಯಾಟ್ರಿಕ್ಸ್, ಬೇಡವಾ ಅಂತ. ಪ್ರಶ್ನೆಯಲ್ಲಿ ಮಾತೃಕಾ ವಿಧಾನದಿಂದಲೇ ಬಿಡಿಸಿ ಅಂದಿದ್ದರೆ ಅದನ್ನೇ ಮಾಡಬೇಕು, ಹಂತಕ್ಕೆ ಅಂಕ ಇರುತ್ತದೆ. ಆದರೆ ಅಲ್ಲಿ ಒಂಬತ್ತು ಸಹಾಪವರ್ತನ (ಕೋಫ್ಯಾಕ್ಟರ್, ಅಂದರೆ ಒಂದೊಂದು ಅಂಕಿಗೂ ಚಿಹ್ನೆ ಸಮೇತ ಒಂದು ಸಣ್ಣ ನಿರ್ಧಾರಕ) ತೆಗೆಯಬೇಕು, ಒಂದರ ಚಿಹ್ನೆ ತಪ್ಪಿದರೂ ಉತ್ತರ ಕೆಡುತ್ತದೆ. ಸಾಲು ಕಳೆಯುವ ದಾರಿಯಲ್ಲಿ ಉತ್ತರ ಮೊದಲೇ ತೆಗೆದು ಪಕ್ಕದಲ್ಲಿ ಇಟ್ಟುಕೊಂಡರೆ ಧೈರ್ಯ ಇರುತ್ತದೆ.

ಎಲ್ಲದಕ್ಕೂ ಮ್ಯಾಟ್ರಿಕ್ಸ್ ಹಿಡಿಯಲೂ ಬೇಡಿ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯರು ಕೇಳಿದ ಲೆಕ್ಕ ನೋಡಿ: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ 107, 7 ಮಾದಲ, 9 ಬೇಲಕ್ಕೆ 101. ಅಂಕಿ ಅದಲುಬದಲಾಗಿದೆ. ಎರಡನ್ನೂ ಕೂಡಿಸಿದರೆ 16 ಜೋಡಿಗೆ 208, ಒಂದು ಜೋಡಿಗೆ 13. ಕಳೆದರೆ ಎರಡರ ವ್ಯತ್ಯಾಸದ ದುಪ್ಪಟ್ಟು 6, ಅಂದರೆ ವ್ಯತ್ಯಾಸ 3. ಮಾದಲ 8, ಬೇಲ 5. ಬಾಯಲ್ಲೇ ಆಯಿತು.

ಕೊನೆಗೆ ತಾಳೆ ನೋಡುವುದು. ನೀವು ಬರೆದ ಸಮೀಕರಣದಲ್ಲಿ ಹಾಕಿ ನೋಡಿದರೆ ಸಾಲದು, ಸಮೀಕರಣವೇ ತಪ್ಪಿದ್ದರೂ ಉತ್ತರ ಅದರಲ್ಲಿ ಸರಿಯಾಗಿ ಕೂರುತ್ತದೆ. ಕಥೆಯನ್ನೇ ಮತ್ತೆ ಓದಿ. 15, 30, 15 ಚೀಲ ಸೇರಿ 60, ಸರಿ. ತೂಕ 150, 750, 750, ಒಟ್ಟು 1650, ಸರಿ. 30 ಅನ್ನೋದು 15ರ ಎರಡು ಪಟ್ಟು, ಸರಿ. ಯಾರೋ ತೂಕವನ್ನು 1660 ಅಂತ ಬರೆದಿದ್ದರೆ 50 ಕೆಜಿ ಚೀಲ 15.33 ಬರುತ್ತಿತ್ತು. ಚೀಲ ಹರಿದು ಯಾರೂ ಗಾಡಿಗೆ ಹಾಕಲ್ಲ. ಹಾಗೆ ಬಂದರೆ ಮ್ಯಾಟ್ರಿಕ್ಸ್ ಬಿಟ್ಟು ತೂಕದ ಚೀಟಿ ತೆಗೆದು ನೋಡಿ.