ಆಟದ ಹಿಂದೆ ಓಡಬೇಡಿ, ಖೊಖೊ ಕಂಬದ ಹತ್ತಿರ ಕೂರಿ

ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಹೊಸ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬರಾದರೂ ಗೆರೆ ಪಕ್ಕ ಅತ್ತಿಂದಿತ್ತ ಓಡುತ್ತಿರುತ್ತಾರೆ. ಆಟಗಾರರಿಗಿಂತ ಜಾಸ್ತಿ ಬೆವರಿರುತ್ತಾರೆ. ಕೊನೆಗೆ ನೋಡಿದರೆ ಮುನ್ನೂರು ಫೋಟೊ, ಎಲ್ಲದರಲ್ಲೂ ಬೆನ್ನೇ. ಕ್ರೀಡಾ ಫೋಟೊಗ್ರಫಿ ಕಾರ್ಯಾಗಾರಕ್ಕೆ ಬಂದವರೂ ಇದನ್ನೇ ಮಾಡುವುದನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಕಾರ್ಯಾಗಾರ ಆರಿಸಿ

ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಮೈದಾನದಲ್ಲಿ ಎಷ್ಟು ಹೊತ್ತು? ನಾನೂ ಒಮ್ಮೆ ಎರಡು ದಿನ ಫ್ಯಾನ್ ಕೆಳಗೆ ಕೂತು ಪ್ರೊಜೆಕ್ಟರ್ ನೋಡಿ ಬಂದವನೇ. ಊಟ ಚೆನ್ನಾಗಿತ್ತು, ಸರ್ಟಿಫಿಕೇಟೂ ಸಿಕ್ಕಿತು. ಕ್ಯಾಮೆರಾ ಮಾತ್ರ ಬ್ಯಾಗಿನಿಂದ ಆಚೆ ಬರಲಿಲ್ಲ. ಕಲಿಸುವವರೊಬ್ಬರಿಗೆ ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಗೆ ಹೋಗಬೇಡಿ.

ಹೆಜ್ಜೆ 2: ಸಾಮಾನು

ದೂರದ್ದನ್ನು ಹತ್ತಿರ ತೋರಿಸುವ 55-250 ಅಥವಾ 70-300 ಎಂಎಂ ಲೆನ್ಸ್ ಹಗಲಿನ ಆಟಕ್ಕೆ ಸಾಕು. ಮೊಬೈಲಿಗೆ ಕ್ಲಿಪ್ ಹಾಕುವ ಪುಟಾಣಿ ಟೆಲಿ ಲೆನ್ಸ್ ಮಾತ್ರ ದಯವಿಟ್ಟು ಬೇಡ. ಅದರಲ್ಲಿ ತೆಗೆದದ್ದು ಮಂಜು ಕವಿದ ಕನ್ನಡಕದಲ್ಲಿ ನೋಡಿದ ಹಾಗಿರುತ್ತದೆ.

ಹೆಜ್ಜೆ 3: ಸೆಟ್ಟಿಂಗ್

ಶಟರ್ 1/1000 ಸೆಕೆಂಡ್, ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು ತೆರೆದಿರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಲೆಕ್ಕ) ಆಟೊ. ಮುಂದಕ್ಕೆ ಹೋಗೋಣ.

ಹೆಜ್ಜೆ 4: ಕಂಬದ ಹತ್ತಿರ ಕೂರಿ

ಎಲ್ಲರೂ ಎಡವುವುದು ಇಲ್ಲೇ. ಮೊದಲ ದಿನವೇ ಕ್ರಿಕೆಟ್ ಬೇಡ, ಖೊಖೊ ಹಿಡಿಯಿರಿ. ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗುತ್ತಾರೆ. ಅಟ್ಟುವವರು ನಡುವಿನ ಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬಿಟ್ಟು ತಿರುಗುವಂತೆಯೂ ಇಲ್ಲ. ಖೊ ಕೊಡದೆ ಆಚೆ ಪಕ್ಕಕ್ಕೆ ಹೋಗಬೇಕೆಂದರೆ ಕಂಬ ಸುತ್ತಲೇಬೇಕು. ಅಂದರೆ ನೀವು ಸುಮ್ನೆ ಕೂತರೂ ಆಟ ತಾನಾಗಿ ನಿಮ್ಮ ಹತ್ತಿರ ಬರುತ್ತದೆ. ಮತ್ತೆ ಓಡುವುದೇಕೆ?

ಅಂಕಣದ ಹೊರಗೆ ಐದಾರು ಹೆಜ್ಜೆ ಬಿಟ್ಟು, ಕಂಬಕ್ಕೆ ಸ್ವಲ್ಪ ಓರೆಯಾಗಿ ಕುಕ್ಕರುಗಾಲಲ್ಲಿ ಕೂರಿ. ನಿಂತು ತೆಗೆದರೆ ತಲೆ, ನೆಲ ಬಿಟ್ಟು ಬೇರೇನೂ ಬರುವುದಿಲ್ಲ. ಕಂಬದ ಹಿಂದೆ ಏನಿದೆ ನೋಡಿ. ಸಾಲು ಬೈಕುಗಳಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಈಗ ಫೋಕಸ್. ಮೋಡ್ ಎಎಫ್-ಸಿಯಲ್ಲಿರಲಿ, ಅಂದರೆ ಓಡುವವರ ಜೊತೆ ಫೋಕಸ್ ಬದಲಾಗುತ್ತಲೇ ಇರುವ ಮೋಡ್. ಕ್ಯಾನನ್‌ನಲ್ಲಿ ಅದನ್ನು ಸರ್ವೊ ಅನ್ನುತ್ತಾರೆ. ಶಟರ್ ಬಟನ್ ಅರ್ಧ ಒತ್ತಿದಾಗ ಫೋಕಸ್ ಆಗುವುದನ್ನು ಮೆನುವಿಗೆ ಹೋಗಿ ತೆಗೆದುಹಾಕಿ. ಆ ಕೆಲಸವನ್ನು ಹಿಂಭಾಗದ ಎಎಫ್-ಆನ್ ಬಟನ್‌ಗೆ ಕೊಡಿ. ಹೆಬ್ಬೆರಳಲ್ಲಿ ಅದನ್ನು ಒತ್ತಿ ಕಂಬಕ್ಕೆ ಫೋಕಸ್ ಮಾಡಿ, ಬೆರಳು ತೆಗೆಯಿರಿ. ಫೋಕಸ್ ಅಲ್ಲೇ ನಿಂತಿತು. ಯಾರಾದರೂ ನಿಮ್ಮ ಕಡೆಗೇ ಓಡಿ ಬಂದರೆ ಹೆಬ್ಬೆರಳು ಒತ್ತಿಯೇ ಇಡಿ, ಅವರನ್ನು ಹಿಂಬಾಲಿಸುತ್ತದೆ. ಎಲ್ಲಿ ಅನ್ನುವುದು ಹೆಬ್ಬೆರಳಿನ ಕೆಲಸ, ಯಾವಾಗ ಅನ್ನುವುದು ತೋರುಬೆರಳಿನ ಕೆಲಸ. ಮೊದಲ ಅರ್ಧ ಗಂಟೆ ಎರಡೂ ಬೆರಳು ಜಗಳ ಆಡುತ್ತವೆ. ಹಳೆಯ ಅಭ್ಯಾಸಕ್ಕೆ ವಾಪಸ್ ಹೋಗಬೇಡಿ.

ಕೈ ಪೂರ್ತಿ ಚಾಚಿದ್ದು ಕಣ್ಣಿಗೆ ಬಿದ್ದ ಮೇಲೆ ಒತ್ತಿದರೆ ತಡವಾಯಿತು. ಅಟ್ಟುವವರ ಭುಜ ನೋಡಿ. ಹಾರುವ ಮೊದಲು ಭುಜ ಕಂಬದ ಕಡೆ ಬಾಗುತ್ತದೆ. ಆಗ ಒತ್ತಿ, ಮೂರು ನಾಲ್ಕು ಫ್ರೇಮ್ ಸಾಕು. ಕಂಬಕ್ಕೆ ಸುತ್ತಿದ ಒಂದು ಕೈ, ಗಾಳಿಯಲ್ಲಿರುವ ಎರಡೂ ಕಾಲು, ಓಡುವವಳ ಬೆನ್ನಿಗೆ ನಾಲ್ಕೇ ಬೆರಳು ದೂರದಲ್ಲಿ ನಿಂತ ಬೆರಳ ತುದಿ. ನಮಗೆ ಬೇಕಿದ್ದು ಇದೇ ಅಲ್ವಾ?

ಟರ್‌ರ್‌ ಅಂತ ಒತ್ತುತ್ತಲೇ ಇರುವವರ ಕ್ಯಾಮೆರಾ ಬಫರ್ (ಕಾರ್ಡಿಗೆ ಹೋಗುವ ಮೊದಲು ಫೋಟೊ ನಿಲ್ಲುವ ಜಾಗ) ತುಂಬಿ, ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಫುಟ್‌ಪಾತಿನ ಅಗ್ಗದ ಮೆಮೊರಿ ಕಾರ್ಡ್ ಆದರಂತೂ ಮುಗಿಯಿತು. ನನ್ನದೊಂದು ಕಾರ್ಡ್ ಫೈನಲ್ ಮ್ಯಾಚಿನ ನಡುವೆಯೇ ಖಾಲಿ ಅಂತ ತೋರಿಸತೊಡಗಿತ್ತು. ಬರೆಯುವ ವೇಗ ಹೇಳುವ ವಿ30 ಗುರುತಿರುವ ಅಸಲಿ ಕಾರ್ಡನ್ನೇ ಕೊಳ್ಳಿ.

ಹೆಜ್ಜೆ 5: ರಾತ್ರಿ ಕಬಡ್ಡಿ, ಆಮೇಲೆ ಕುಸ್ತಿ

ಲೈಟಿನಡಿ 1/500ಕ್ಕೆ ಇಳಿಯಿರಿ, ಐಎಸ್‌ಒ 6400ಕ್ಕೆ ಹೋದರೂ ಹೆದರಬೇಡಿ. ಕಾಳುಕಾಳಾದ ಫೋಟೊ ನಡೆಯುತ್ತದೆ, ಅಲುಗಿದ್ದು ನಡೆಯಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸೈಕಲ್‌ನದು, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕಾಗಿ ಬರುವುದು ಅದಕ್ಕೇ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದ್ದರೆ ಹಾಕಿಕೊಳ್ಳಿ.

ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ನೇರವಾಗಿ ನುಗ್ಗಬೇಡಿ. ಮೊದಲು ಗರಡಿಮನೆಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಉಸ್ತಾದರನ್ನು ಕೇಳಿ. ಅವರು ಬೇಡ ಅಂದ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ಕೂತು ನೋಡಿ. ಯಾವ ಪಟ್ಟಿನ ಆಮೇಲೆ ಯಾವ ಪಟ್ಟು ಬರುತ್ತದೆ ಅಂತ ಗೊತ್ತಾಗುತ್ತದೆ.

ಹೆಜ್ಜೆ 6: ಆರಿಸಿ, ಕಳಿಸಿ

ತೆಗೆದ ದಿನವೇ ಸಂಜೆ ಫೋಟೊಗಳನ್ನು ಕಾರ್ಯಾಗಾರದ ಎಲ್ಲರ ಎದುರು ಹಾಕಿ ಆರೇ ಆರು ಉಳಿಸಿ. ಮುಖ ಕಾಣದ್ದು, ಕಣ್ಣು ಶಾರ್ಪ್ ಇಲ್ಲದ್ದು ಡಿಲೀಟ್. ಆ್ಯಪ್ ಹಾಕಿ ಶಾರ್ಪ್ ಮಾಡ್ತೀನಿ ಅನ್ನುವವರ ಮಾತು ಕೇಳಬೇಡಿ, ಮುಖ ಮೇಣದ ಗೊಂಬೆ ಥರ ಆಗುತ್ತದೆ. ಶಾಲೆ ಮಕ್ಕಳ ಫೋಟೊ ಆದರೆ ಪಿ.ಟಿ. ಮೇಷ್ಟ್ರನ್ನು ಕೇಳದೆ ಎಲ್ಲೂ ಹಾಕಬೇಡಿ. ಮೊದಲು ಅವರಿಗೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಹೋಗುತ್ತದೆ. ಶಾಲೆಯ ಗೋಡೆಗೆ ಫ್ರೇಮ್ ಹಾಕಿಸುವುದಾದರೆ ಅವರಿಗೆ ದೊಡ್ಡ ಫೈಲೇ ಬೇಕು.